ಕರ್ನಲ್ ಬದಲಾಯಿತು, ವೈಫೈ ಮಾಯವಾಯಿತು

(ಆದೇಶಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.)

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ರಿಯಲ್‌ಟೆಕ್ 8821ಸಿಇ ವೈಫೈ ಚಿಪ್ ಇದೆ. ಉಬುಂಟು ಹಾಕಿದ ಹೊಸದರಲ್ಲಿ ಯಾವುದೋ ವಿಡಿಯೊ ನೋಡಿ ಗಿಟ್‌ಹಬ್‌ನಿಂದ ಡ್ರೈವರ್ ಇಳಿಸಿಕೊಂಡಿದ್ದೆ. ಕಳೆದ ವಾರ ಅಪ್‌ಡೇಟ್ ಆದ ಮೇಲೆ ವೈಫೈ ಗುರುತೇ ಕಾಣುತ್ತಿಲ್ಲ. ಉಬುಂಟುವನ್ನೇ ಮತ್ತೆ ಹಾಕಬೇಕೆ?
— ಓದುಗರು, ಶಿವಮೊಗ್ಗ

ಉತ್ತರ: ಬೇಡವೇ ಬೇಡ. ಯಂತ್ರ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ ಗ್ರಬ್ ಮೆನು (ಯಾವುದರಿಂದ ಬೂಟ್ ಆಗಬೇಕೆಂದು ಆಯ್ದುಕೊಳ್ಳುವ ಪಟ್ಟಿ) ತೆರೆಯಿರಿ. 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ ಹಿಂದಿನ ಕರ್ನಲ್ ಆಯ್ದುಕೊಳ್ಳಿ. ಕರ್ನಲ್ ಎಂದರೆ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯ ತಿರುಳು. ವೈಫೈ ಮರಳಿ ಬಂದರೆ ಚಿಪ್ ಕೆಟ್ಟಿಲ್ಲ, ಉಬುಂಟು ಕೂಡ ಕೆಟ್ಟಿಲ್ಲ, ನೀವು ಹೊರಗಿನಿಂದ ತಂದ ಡ್ರೈವರ್ ಮಾತ್ರ ಹಿಂದೆ ಉಳಿದಿದೆ ಎಂದು ತಿಳಿಯಿರಿ.

ಲಿನಕ್ಸ್‌ನಲ್ಲಿ ಡ್ರೈವರ್ ಎಂದರೆ ಬಹುಮಟ್ಟಿಗೆ ಕರ್ನಲ್‌ಗೆ ಬೇಕಾದಾಗ ಸೇರಿಸಿಕೊಳ್ಳಬಹುದಾದ ಮಾಡ್ಯೂಲ್. ಪ್ರತಿ ಕರ್ನಲ್ ಆವೃತ್ತಿಗೂ /ಲಿಬ್/ಮಾಡ್ಯೂಲ್ಸ್ ಅಡಿಯಲ್ಲಿ ಬೇರೆ ಬೇರೆ ಫೋಲ್ಡರ್ ಇರುತ್ತದೆ. ನೀವು 'ಮೇಕ್ ಇನ್‌ಸ್ಟಾಲ್' ಕೊಟ್ಟಾಗ ಅಂದು ಓಡುತ್ತಿದ್ದ ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ತಯಾರಾಗಿ ಅದರ ಫೋಲ್ಡರಿನಲ್ಲಿ ಕುಳಿತಿತು. ಅಪ್‌ಡೇಟ್‌ನೊಡನೆ ಬಂದ ಹೊಸ ಕರ್ನಲ್ ತನ್ನದೇ ಫೋಲ್ಡರ್ ತಂದುಕೊಂಡಿತು, ಅದರಲ್ಲಿ ನಿಮ್ಮ ಮಾಡ್ಯೂಲ್ ಇಲ್ಲ. ಹಳೆಯದನ್ನು ನಕಲು ಮಾಡಿ ಹಾಕಿದರೂ ಆವೃತ್ತಿಯ ಗುರುತು ಹೊಂದದೆ ಕರ್ನಲ್ ಅದನ್ನು ತಿರಸ್ಕರಿಸುತ್ತದೆ.

ಇದು ಕರ್ನಲ್ ಬರೆಯುವವರ ಅಜಾಗರೂಕತೆಯಲ್ಲ. ಡ್ರೈವರ್‌ಗಳು ಬಳಸುವ ಒಳಗಿನ ವ್ಯವಸ್ಥೆ ಸ್ಥಿರವಾಗಿರುತ್ತದೆ ಎಂಬ ಭರವಸೆಯನ್ನು ಅವರು ಬೇಕೆಂದೇ ಕೊಟ್ಟಿಲ್ಲ. ಒಳಗಿನದನ್ನು ಬದಲಿಸುವವರು ಅದನ್ನು ಬಳಸುವ ಕರ್ನಲ್‌ನೊಳಗಿನ ಡ್ರೈವರ್‌ಗಳನ್ನೂ ತಾವೇ ಸರಿಪಡಿಸಬೇಕು, ಅದು ಅಲ್ಲಿನ ಕಟ್ಟಳೆ. ಹೊರಗಿರುವ ಡ್ರೈವರ್‌ಗಳಿಗೆ ಈ ಆರೈಕೆ ಸಿಗುವುದಿಲ್ಲ. ಆದ್ದರಿಂದ ವಿಂಡೋಸ್ ಅಭ್ಯಾಸದಂತೆ ಡ್ರೈವರ್ ಹುಡುಕಿಕೊಂಡು ಜಾಲತಾಣ ಅಲೆಯುವುದಕ್ಕೆ ಮೊದಲು, ಕರ್ನಲ್‌ನ ಬಳಿಯೇ ಇದೆಯೇ ಎಂದು ಕೇಳಿ ನೋಡಬೇಕು.

ಕೇಳುವುದು ಸುಲಭ. 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟು ನೆಟ್‌ವರ್ಕ್ ಕಂಟ್ರೋಲರ್ ಇರುವ ಜಾಗ ನೋಡಿ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇಲ್ಲದಿದ್ದರೆ ಚಿಪ್‌ಗೆ ಸದ್ಯ ಡ್ರೈವರ್ ಅಂಟಿಕೊಂಡಿಲ್ಲ. 'ಕರ್ನಲ್ ಮಾಡ್ಯೂಲ್ಸ್' ಸಾಲಿನಲ್ಲಿ ಆರ್‌ಟಿಡಬ್ಲ್ಯು88_8821ಸಿಇ ಎಂದಿದ್ದರೆ, ತಕ್ಕ ಡ್ರೈವರ್ ಮನೆಯಲ್ಲೇ ಇದೆ, ಕೆಲಸಕ್ಕೆ ಇಳಿದಿಲ್ಲ ಅಷ್ಟೇ. ಈ ಚಿಪ್‌ಗೆ ಬೆಂಬಲ 2020ರಲ್ಲಿ ಬಂದ 5.9ನೇ ಕರ್ನಲ್‌ನಲ್ಲೇ ಸೇರಿತು.

ಹಾಗಾದರೆ ಅದೇಕೆ ಸುಮ್ಮನಿದೆ? ಹೊರಗಿನ ಡ್ರೈವರ್ ಹಾಕುವ ಸೂಚನೆಗಳಲ್ಲಿ ಸಾಮಾನ್ಯವಾಗಿ ಒಳಗಿನದನ್ನು ಬ್ಲ್ಯಾಕ್‌ಲಿಸ್ಟ್ ಮಾಡುವ (ಲೋಡ್ ಆಗದಂತೆ ತಡೆಯುವ) ಸಾಲೊಂದು ಇರುತ್ತದೆ. ನೀವೂ ಅದನ್ನು ನಕಲಿಸಿರಬೇಕು. 'ಗ್ರೆಪ್ -ಆರ್ 8821ಸಿಇ /ಇಟಿಸಿ/ಮಾಡ್‌ಪ್ರೋಬ್.ಡಿ' ಕೊಟ್ಟರೆ ಯಾವ ಕಡತದಲ್ಲಿದೆ ಎಂದು ತೋರುತ್ತದೆ. ಆ ಸಾಲಿನ ಮೊದಲಿಗೆ # ಹಾಕಿ (ಆಗ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ), ಯಂತ್ರವನ್ನು ಮರುಚಾಲನೆ ಮಾಡಿ.

ಆಗಲೂ ಬಾರದಿದ್ದರೆ 'ಸುಡೊ ಡಿಮೆಸ್ಗ್' ಓದಿ. ಕರ್ನಲ್ ತನ್ನ ಅಹವಾಲನ್ನೆಲ್ಲ ಬರೆದಿಡುವುದು ಅಲ್ಲಿಯೇ. ಆರ್‌ಟಿಡಬ್ಲ್ಯು8821ಸಿ ಹೆಸರಿನ ಫರ್ಮ್‌ವೇರ್ ಲೋಡ್ ವಿಫಲ, ದೋಷ -2 ಎಂದಿದ್ದರೆ ಕಡತ ಸಿಗಲಿಲ್ಲ ಎಂದರ್ಥ. ಡ್ರೈವರ್ ಕರ್ನಲ್‌ನೊಳಗೆ ಓಡುತ್ತದೆ, ಫರ್ಮ್‌ವೇರ್ ಚಿಪ್‌ನೊಳಗೆ ಓಡುತ್ತದೆ, ಎರಡೂ ಬೇಕು. 'ಲಿನಕ್ಸ್-ಫರ್ಮ್‌ವೇರ್' ಪ್ಯಾಕೇಜನ್ನು ಮತ್ತೆ ಹಾಕಿ. ಇಂಟರ್‌ನೆಟ್ಟೇ ಇಲ್ಲವಲ್ಲ ಎನ್ನಬೇಡಿ. ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು, ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ.

ಒಳಗಿನ ಡ್ರೈವರ್ ಇಲ್ಲವೇ ಇಲ್ಲದ ಚಿಪ್‌ಗಳೂ ಇವೆ. ಅಂಥವಕ್ಕೆ ಡೆಲ್ ಕಂಪನಿಯಲ್ಲಿ ಹುಟ್ಟಿದ ಡಿಕೆಎಂಎಸ್ ಇದೆ. ಪ್ರತಿ ಹೊಸ ಕರ್ನಲ್ ಬಂದಾಗಲೂ ಅದು ಮಾಡ್ಯೂಲನ್ನು ತಾನೇ ಮತ್ತೆ ಕಟ್ಟುತ್ತದೆ. ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಕಟ್ಟಲಾಗದೆ ಕೈಚೆಲ್ಲುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ತೊಡಕು: ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ಅದಕ್ಕಾಗಿ ಉಬುಂಟು ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ತೋರಿಸುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' (ಸಹಿಯ ಕೀಲಿಯನ್ನು ನೋಂದಾಯಿಸು ಎಂದರ್ಥ) ಆಯ್ದು ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡೊಡನೆ ಹೆದರಿ 'ಕಂಟಿನ್ಯೂ ಬೂಟ್' ಒತ್ತುವವರೇ ಹೆಚ್ಚು, ಆಮೇಲೆ ಡ್ರೈವರ್ ಸರಿಯಿಲ್ಲ ಎಂದು ದೂರುತ್ತಾರೆ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಎಂಬ ಸಲಹೆ ನನಗೆ ಹಿಡಿಸುವುದಿಲ್ಲ. ಪಕ್ಕದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ ವಿಂಡೋಸ್ ಇದ್ದರೆ ಅದು ರಿಕವರಿ ಕೀ ಕೇಳಿಕೊಂಡು ಕೂರಬಹುದು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಕಡಿಮೆ ಬೆಲೆಯ ಆರ್ಡುಯಿನೊ ನ್ಯಾನೊ ಬೋರ್ಡ್ ಕೊಂಡೆ. ಉಬುಂಟು 22.04ರಲ್ಲಿ ಪೋರ್ಟ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಗೆಳತಿಯ ವಿಂಡೋಸ್ ಯಂತ್ರದಲ್ಲಿ ಸರಿಯಾಗಿದೆ. ಸಿಎಚ್340 ಡ್ರೈವರ್ ಎಲ್ಲಿ ಸಿಗುತ್ತದೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಡ್ರೈವರ್ ನಿಮ್ಮ ಬಳಿ ಆಗಲೇ ಇದೆ, ಹೆಸರು ಸಿಎಚ್341. ತೊಂದರೆ ಬೇರೆ ಕಡೆ ಇದೆ. 'ಸುಡೊ ಡಿಮೆಸ್ಗ್ -ಡಬ್ಲ್ಯು' ಓಡಿಸಿಟ್ಟು ಬೋರ್ಡನ್ನು ಚುಚ್ಚಿ ನೋಡಿ. ಟಿಟಿವೈಯುಎಸ್‌ಬಿ0 ಸೇರಿಕೊಂಡಿತು ಎಂಬ ಸಾಲು ಬಂದು, ಮರುಕ್ಷಣವೇ ಬಿಆರ್‌ಎಲ್‌ಟಿಟಿವೈ ಎಂಬ ಹೆಸರು ಕಾಣಿಸಿಕೊಂಡು, ಪೋರ್ಟ್ ಕಳಚಿತು ಎಂಬ ಸಾಲು ಬರುತ್ತದೆ.

ಬಿಆರ್‌ಎಲ್‌ಟಿಟಿವೈ ಎಂಬುದು ಅಂಧರು ಬಳಸುವ ಬ್ರೈಲ್ ಪರದೆಗಳನ್ನು ನಡೆಸುವ ಸೇವೆ. ಯಾವ ಸಾಧನ ಬಂದರೆ ಯಾರನ್ನು ಕರೆಯಬೇಕೆಂದು ನಿರ್ಧರಿಸುವುದು ಯುಡೆವ್‌ನ ನಿಯಮಗಳು. ಒಂದು ಬ್ರೈಲ್ ಸಾಧನದಲ್ಲೂ ನಿಮ್ಮ ಬೋರ್ಡಿನ ಯುಎಸ್‌ಬಿ ಚಿಪ್ಪೇ (ಸಿಎಚ್340) ಇರುವುದರಿಂದ 1ಎ86:7523 ಗುರುತಿನ ಸಾಧನವನ್ನೆಲ್ಲ ಆ ಸೇವೆಗೆ ಒಪ್ಪಿಸುವ ನಿಯಮ 22.04ರಲ್ಲಿ ಬಂದು ಕುಳಿತಿತು. 'ಎಲ್‌ಎಸ್‌ಯುಎಸ್‌ಬಿ' ಕೊಟ್ಟರೆ ನಿಮ್ಮ ಬೋರ್ಡಿನದೂ ಅದೇ ಸಂಖ್ಯೆ ಎಂದು ಕಾಣುತ್ತೀರಿ.

ಆ ಪ್ಯಾಕೇಜನ್ನೇ ಕಿತ್ತುಹಾಕಿ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದರೆ ಸರಿ. ಕಾಲೇಜಿನ ಪ್ರಯೋಗಾಲಯದಲ್ಲಿ ಹಾಗೆ ಮಾಡಬೇಡಿ, ಅಲ್ಲಿ ಬ್ರೈಲ್ ಪರದೆ ಬಳಸುವವರು ಇರಬಹುದು. ಆ ನಿಯಮದ ಕಡತ 85-ಬಿಆರ್‌ಎಲ್‌ಟಿಟಿವೈ.ರೂಲ್ಸ್ ಅನ್ನು ಅದೇ ಹೆಸರಿನಲ್ಲಿ /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ನಕಲು ಮಾಡಿ, ಈ ಸಂಖ್ಯೆಯಿರುವ ಸಾಲಿಗೆ ಮಾತ್ರ # ಹಾಕಿ. ಇಟಿಸಿಯಲ್ಲಿರುವ ಕಡತಕ್ಕೇ ಯುಡೆವ್ ಮಣಿಯುತ್ತದೆ.

ಆಮೇಲೆ 'ಪರ್ಮಿಷನ್ ಡಿನೈಡ್' ಬಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ: 'ಸುಡೊ ಯೂಸರ್‌ಮಾಡ್ -ಎಜಿ ಡಯಲ್‌ಔಟ್', ಕೊನೆಗೆ ನಿಮ್ಮ ಬಳಕೆದಾರ ಹೆಸರು. ಇಲ್ಲಿ ಜಿ ದೊಡ್ಡಕ್ಷರ. ಎ ಬಿಟ್ಟುಹೋದರೆ ಉಳಿದ ಗುಂಪುಗಳಿಂದೆಲ್ಲ ನೀವು ಹೊರಬೀಳುತ್ತೀರಿ, ಆಡಳಿತದ ಅಧಿಕಾರ ಕೊಡುವ ಸುಡೊ ಗುಂಪಿನಿಂದಲೂ! ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಪೋರ್ಟನ್ನು ಎಲ್ಲರಿಗೂ ತೆರೆದಿಡುವ 'ಸಿಎಚ್‌ಮಾಡ್ 666' ಉಪಾಯ ಬೋರ್ಡನ್ನು ಮತ್ತೆ ಚುಚ್ಚುವ ತನಕ ಮಾತ್ರ.

ಪ್ರಶ್ನೆ: ವಿಂಡೋಸ್‌ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ವಿಂಡೋಸ್ ಡಿಸ್ಕ್‌ಗಳನ್ನು ಓದುವ ಎನ್‌ಟಿಎಫ್‌ಎಸ್ ಡ್ರೈವರ್ ದೋಷವೇ?
— ಓದುಗರು, ಬೆಂಗಳೂರು

ಉತ್ತರ: ಡ್ರೈವರ್ ಬುದ್ಧಿವಂತಿಕೆಯಿಂದಲೇ ನಡೆದುಕೊಂಡಿದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂದರೂ ಅದು ಅರೆನಿದ್ರೆಯಲ್ಲಿರುತ್ತದೆ, ಡಿಸ್ಕಿನ ಲೆಕ್ಕ ಪೂರ್ತಿ ಮುಗಿದಿರುವುದಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿಕೊಂಡು ಬನ್ನಿ. ಬಲವಂತದ ಮೌಂಟ್ (ಡ್ರೈವ್ ಜೋಡಣೆ) ಬೇಡ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದೆ, ಕೆಲವು ಫೋಟೊಗಳು ತೆರೆಯುತ್ತಿಲ್ಲ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಅಳೆಯುವ ಸ್ಮಾರ್ಟ್ ಪರೀಕ್ಷೆ 'ಪಾಸ್ಡ್' ಎನ್ನುತ್ತದೆ. ಎಫ್‌ಎಸ್‌ಸಿಕೆ ಓಡಿಸಲೇ?
— ಓದುಗರು, ಶಿರಸಿ

ಉತ್ತರ: ಈಗಲೇ ಓಡಿಸಬೇಡಿ. ಎಫ್‌ಎಸ್‌ಸಿಕೆ ರಿಪೇರಿ ಮಾಡುವುದು ಕಡತ ವ್ಯವಸ್ಥೆಯನ್ನು, ಡಿಸ್ಕನ್ನಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯತೊಡಗಿದರೆ ಉಳಿದದ್ದೂ ಹೋಗಬಹುದು.

'ಪಾಸ್ಡ್' ಎಂಬ ಮಾತನ್ನು ನಾನು ನಂಬುವುದಿಲ್ಲ. ಗೂಗಲ್ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದಾಗ, ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. 'ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ' ಕೊಟ್ಟು 5, 197, 198 ಸಂಖ್ಯೆಯ ಸಾಲುಗಳ ಕೊನೆಯ ಅಂಕಿ ನೋಡಿ. 197 ಎಂದರೆ ಡಿಸ್ಕ್ ಓದಲಾಗದೆ ಪಕ್ಕಕ್ಕಿಟ್ಟಿರುವ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ತುಣುಕುಗಳು). ಅಲ್ಲಿ ಸೊನ್ನೆಯ ಬದಲು ಬೇರೆ ಅಂಕಿ ಕಂಡರೆ ತೆರೆಯದ ಫೋಟೊಗಳಿಗೆ ಕಾರಣ ಸಿಕ್ಕಂತೆ. ಸೊನ್ನೆಯೇ ಇದ್ದರೂ, ಟಿಕ್ ಟಿಕ್ ಕೇಳುತ್ತಿರುವಾಗ ನಕಲು ಮಾಡಿಕೊಳ್ಳುವುದನ್ನು ಮುಂದೂಡಬೇಡಿ.

ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, 'ಜಿಡಿಡಿರೆಸ್ಕ್ಯೂ' ಪ್ಯಾಕೇಜ್ ಹಾಕಿಕೊಂಡು, ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕನ್ನು ಅಷ್ಟೇ ಅಥವಾ ಹೆಚ್ಚಿನ ಗಾತ್ರದ ಖಾಲಿ ಡಿಸ್ಕಿಗೆ ನಕಲು ಮಾಡಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಎಫ್‌ಎಸ್‌ಸಿಕೆ ಬೇಕೆನಿಸಿದರೆ ಆ ನಕಲಿನ ಮೇಲೆ ಓಡಿಸಿ. ಆದೇಶದಲ್ಲಿ ಮೊದಲು ಮೂಲ, ನಂತರ ಗುರಿ, ಆಮೇಲೆ ಮ್ಯಾಪ್ ಕಡತ (ನಕಲಿನ ಲೆಕ್ಕ ಬರೆದಿಡುವ ಕಡತ). ಮೊದಲೆರಡು ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೊಗಳ ಮೇಲೆ ಕೂರುತ್ತದೆ. ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಬದಲಾಗಬಹುದು, ಹಾಗಾಗಿ ನೆನಪಿನಿಂದ ಟೈಪ್ ಮಾಡದೆ 'ಎಲ್‌ಎಸ್‌ಬಿಎಲ್‌ಕೆ -ಒ' ಜೊತೆಗೆ ನೇಮ್, ಮಾಡೆಲ್, ಸೀರಿಯಲ್, ಸೈಜ್ ಎಂದು ಅಲ್ಪವಿರಾಮ ಹಾಕಿ ಕೊಟ್ಟು, ಡಿಸ್ಕಿನ ಚೀಟಿಯ ಮೇಲಿನ ಸೀರಿಯಲ್ ಸಂಖ್ಯೆಯೊಡನೆ ತಾಳೆ ನೋಡಿ. ಮ್ಯಾಪ್ ಕಡತವನ್ನು ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಿ. ಲೈವ್ ಬೂಟ್‌ನ ಹೋಮ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ಕರೆಂಟ್ ಹೋದರೆ ಎಲ್ಲಿಯವರೆಗೆ ನಕಲಾಗಿತ್ತು ಎಂಬ ಲೆಕ್ಕವೂ ಹೋಗುತ್ತದೆ.