ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರ ಮುಂದೆ 20 ನಿಮಿಷ ಮಾತಾಡ್ಬೇಕು, 38 ಸ್ಲೈಡ್ ಮಾಡಿದೀನಿ, ಆದ್ರೂ ಕೈ ನಡುಗುತ್ತೆ. ಹೆಂಗೆ ತಯಾರಿ ಮಾಡ್ಕೊಳ್ಳೋದು?

ಮೊದ್ಲು ಆ 38 ಸ್ಲೈಡ್ ಪಕ್ಕಕ್ಕಿಡಿ. "ಅಗ್ರಿ ಬಿಎಸ್ಸಿ ಕೊನೇ ವರ್ಷ, ರಾವೆಗೆ (ಕೋರ್ಸಿನ ಭಾಗವಾಗಿ ಹಳ್ಳೀಲಿದ್ದು ಕೃಷಿ ಕೆಲ್ಸ ಕಲಿಯೋದು) ಅಂತ ಹಳ್ಳಿಗೆ ಬಂದಿದೀನಿ, ಸೊಸೈಟಿ ಹಾಲಲ್ಲಿ ಕೊಳೆ ರೋಗ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋದು) ಮತ್ತೆ ಅದಕ್ಕೆ ಹೊಡೆಸೋ ಬೋರ್ಡೋ ದ್ರಾವಣದ ಬಗ್ಗೆ ಮಾತಾಡ್ಬೇಕು" ಅಂತ ಬರ್ದಿದೀರಲ್ಲ, ಸಾಗರದ ಕಡೆ ನಮ್ದೂ ಸಣ್ಣ ತೋಟ ಇದೆ, ಇಂಥ ಮೀಟಿಂಗಲ್ಲಿ ಕೆಳಗೆ ಚಾಪೆ ಮೇಲೂ ಕೂತಿದೀನಿ, ಮೈಕ್ ಮುಂದೆನೂ ನಿಂತಿದೀನಿ, ಆ ಲೆಕ್ಕದಲ್ಲಿ ಹೇಳ್ತಿದೀನಿ.

ಒಂದು ಹಾಳೆ ತಗೊಂಡು ಇಷ್ಟು ಬರ್ಕೊಳ್ಳಿ: ಇವ್ರು ಮನೆಗೆ ಹೋದ್ಮೇಲೆ ಯಾವ ಒಂದು ಕೆಲ್ಸ ಬೇರೆ ಥರ ಮಾಡ್ಬೇಕು? "ಕೊಳೆ ರೋಗದ ಬಗ್ಗೆ ಮಾಹಿತಿ" ಅನ್ನೋದು ಇದಕ್ಕೆ ಉತ್ರ ಅಲ್ಲ. ಕೊಳೆ ಅಂದ್ರೆ ಏನು ಅಂತ ಅಲ್ಲಿ ಕೂತಿರೋರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಆ ರೋಗ ತರೋ ಜೀವಿಗೆ ಫೈಟಾಫ್ತೊರಾ ಅನ್ನೋ ಹೆಸ್ರು ಗೊತ್ತಿಲ್ದೆ ಇರ್ಬಹುದು, ಆದ್ರೆ ಉದುರಿದ ಕಾಯಿ ಹೆಕ್ಕಿ ಹೆಕ್ಕಿ ಸೊಂಟ ಬಿದ್ದಿರುತ್ತೆ. ಬೋರ್ಡೋಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು ಅನ್ನೋದೂ ಬಾಯಿಪಾಠ. ಆದ್ರೆ ಸುಣ್ಣ ಹಳೇದಾಗಿ ಗಾಳಿ ಹೊಡ್ದಿದ್ರೆ ಅದರ ಶಕ್ತಿ ಕಮ್ಮಿ ಆಗಿರುತ್ತೆ, ತೂಕ ಸರಿ ಹಾಕಿದ್ರೂ ದ್ರಾವಣ ಸರಿ ಬರಲ್ಲ. ಕೊನೆಗೌಡ (ಮರ ಹತ್ತಿ ಔಷಧಿ ಹೊಡೆಯೋನು) ಸಿಕ್ಕಿದ್ದೇ ಪುಣ್ಯ, ಮಳೆ ಬಿಟ್ಟಿರುವಾಗ್ಲೇ ಹೊಡೆಸ್ಬಿಡಣ ಅನ್ನೋ ಅವಸರದಲ್ಲಿ ಪರೀಕ್ಷೆ ಮಾಡಿ ನೋಡೋರು ಕಮ್ಮಿ. ಹಂಗಿದ್ರೆ ನಿಮ್ಮ ಗುರಿ ಇಷ್ಟೇ ಆಗ್ಲಿ, ಇನ್ಮೇಲೆ ಇವ್ರು ಹೊಡೆಸೋಕೆ ಮುಂಚೆ ದ್ರಾವಣಕ್ಕೆ ಚಾಕು ಅದ್ದಿ ನೋಡ್ಬೇಕು. ಇದಕ್ಕೆ ಬೇಕಾಗಿದ್ದು ಮಾತ್ರ ಇಟ್ಕೊಂಡು ಉಳಿದಿದ್ದು ತೆಗೀರಿ, ಏಳೆಂಟು ಸ್ಲೈಡ್ ಮೇಲೆ ಉಳಿಯಲ್ಲ.

ಮತ್ತೆ ಅದನ್ನ ಫೋಟೋದಲ್ಲಿ ತೋರಿಸ್ಬೇಡಿ, ಎದುರಿಗೇ ಮಾಡಿ. 10 ಗ್ರಾಂ ತುತ್ತ ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಎರಡೂ ಪ್ಲಾಸ್ಟಿಕ್ ಮಗ್ಗು. ತುತ್ತ ಬೇಗ ಕರಗಲ್ಲ, ರೂಮಲ್ಲೇ ಕರಗಿಸ್ಕೊಂಡು ಬನ್ನಿ. ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರೀತಾ ಕಲಕಿದ್ರೆ ಒಳ್ಳೆ ಆಕಾಶ ನೀಲಿ ಬರುತ್ತೆ. ಪಕ್ಕದಲ್ಲಿ ಬೇಕಂತ್ಲೇ ಸುಣ್ಣ ಕಮ್ಮಿ ಹಾಕಿದ್ದು ಇನ್ನೊಂದು ಮಗ್ಗು ಇರ್ಲಿ. ಎರಡಕ್ಕೂ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ, ಸ್ಟೇನ್‌ಲೆಸ್ ಬೇಡ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ತೋರ್ಸಿ. ಸುಣ್ಣ ಕಮ್ಮಿ ಇರೋದ್ರಲ್ಲಿ ಅಲಗಿನ ಮೇಲೆ ತಾಮ್ರ ಕೂತು ಕೆಂಪಗಾಗಿರುತ್ತೆ, ಸರಿ ಇರೋದ್ರಲ್ಲಿ ಏನೂ ಆಗಿರಲ್ಲ. ಆ ಚಾಕುನ ಮುಂದಿನ ಸಾಲಿಗೆ ಕೊಟ್ಬಿಡಿ, ಕೈಯಿಂದ ಕೈಗೆ ಹೋಗ್ಲಿ, ಹಿಂದೆ ಗೋಡೆಗೆ ಒರಗಿ ಮೊಬೈಲ್ ನೋಡ್ತಿರೋರೂ ಎದ್ದು ಬರ್ತಾರೆ. ಹಿಂದಿನ ದಿನ ಮನೇಲಿ ಒಂದ್ಸಲ ಪೂರ್ತಿ ಮಾಡಿ ನೋಡಿರ್ಬೇಕು ಮಾತ್ರ. ಇನ್ನೊಂದು ಲಾಭ ಅಂದ್ರೆ ಕೈಗೆ ಕೆಲ್ಸ ಸಿಗುತ್ತೆ, ನಡುಕ ಯಾರಿಗೂ ಕಾಣಲ್ಲ. ತೆಳ್ಳನೆ ಹಾಳೆ ಹಿಡ್ಕೊಂಡು ನಿಂತ್ರೆ ಸ್ವಲ್ಪ ನಡುಗಿದ್ರೂ ಹಾಳೆ ಪಟಪಟ ಅನ್ನುತ್ತೆ, ನೋಟ್ಸ್ ಬೇಕಿದ್ರೆ ದಪ್ಪ ರಟ್ಟಲ್ಲಿ ಬರ್ಕೊಂಡು ಟೇಬಲ್ ಮೇಲಿಡಿ.

ಬಾಯಿಪಾಠ ಮಾಡ್ಲಾ ಅಂತಾನೂ ಕೇಳಿದೀರಿ. ನಮ್ಮ ಕಡೆ ತಾಳಮದ್ದಲೆ (ಕುಣಿತ ಇಲ್ದೆ ಕೂತು ಮಾತಾಡೋ ಯಕ್ಷಗಾನ) ಕೇಳಿದ್ರೆ ಗೊತ್ತಾಗುತ್ತೆ, ಪಾತ್ರದ ಮಾತಾಡೋ ಅರ್ಥಧಾರಿಗಳಿಗೆ ವೇಷ ಇಲ್ಲ, ಬರೆದ ಡೈಲಾಗ್ ಇಲ್ಲ, ಭಾಗವತ್ರು ಹಾಡೋ ಪದ್ಯ ಮಾತ್ರ ಫಿಕ್ಸು, ಅರ್ಥ ಅಲ್ಲಲ್ಲೇ ಹುಟ್ಟುತ್ತೆ. ನೀವೂ ಐದಾರು ಪದ್ಯದ ಥರ ಐದಾರು ಪಾಯಿಂಟ್ ಅನುಕ್ರಮ ಮಾತ್ರ ಗಟ್ಟಿ ಮಾಡಿ, ನಡುವಿನ ಮಾತು ಬಂದಂಗೆ ಬರ್ಲಿ. ಶುರುವಿನ ಎರಡು ಮೂರು ವಾಕ್ಯ ಮಾತ್ರ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬರೋ ಹಂಗಿರ್ಬೇಕು, ಯಾಕಂದ್ರೆ ಬಾಯಿ ಒಣಗೋದು ಅಲ್ಲೇ. ವೇದಿಕೆ ಮೇಲಿರೋ ಎಲ್ರ ಹೆಸ್ರು ಹೇಳ್ತಾ ಕೂರ್ಬೇಡಿ, ಸ್ವಾಗತ ಮಾಡಿದೋರು ಹೇಳಿ ಮುಗ್ಸಿರ್ತಾರೆ, ಅಧ್ಯಕ್ಷರಿಗೆ ಒಂದು ನಮಸ್ಕಾರ ಸಾಕು. ಆಮೇಲೆ ಸೀದಾ "ಹೋದ ಮಳೆಗಾಲ ಔಷಧಿ ಹೊಡೆಸಿದ್ಮೇಲೂ ಕೊಳೆ ಬಂದೋರು ಎಷ್ಟು ಜನ, ಕೈ ಎತ್ತಿ" ಅಂದ್ಬಿಡಿ.

ಪ್ರಾಕ್ಟೀಸು ಮನಸ್ಸಲ್ಲೇ ಓದ್ಕೊಂಡ್ರೆ ಲೆಕ್ಕಕ್ಕಿಲ್ಲ. ನಿಂತ್ಕೊಂಡು, ಜೋರಾಗಿ, ಫೋನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕೇಳಿ. ಕೇಳೋಕೆ ಮುಜುಗರ ಆಗುತ್ತೆ, ಆಗ್ಲಿ, "ಆಕ್ಚುಲಿ" ಎಷ್ಟು ಸಲ ಬರುತ್ತೆ ಅಂತ ಅಲ್ಲೇ ಗೊತ್ತಾಗೋದು.

10 ನಿಮಿಷದ್ದೂ ಒಂದು ವರ್ಷನ್ ಇಟ್ಕೊಂಡಿರಿ. ಕಾರ್ಡಲ್ಲಿ ಹತ್ತೂವರೆ ಅಂತಿರುತ್ತೆ, ಮುಖ್ಯ ಅತಿಥಿ ಕಾರು ಬರೋದು ಹನ್ನೊಂದೂಕಾಲಿಗೆ, ಅವ್ರ ಭಾಷಣ ಮುಗಿಯೋ ಹೊತ್ತಿಗೆ ಒಳಗಿಂದ ಸಾರಿನ ಒಗ್ಗರಣೆ ವಾಸನೆ ಬರ್ತಿರುತ್ತೆ, "ಸ್ವಲ್ಪ ಬೇಗ ಮುಗ್ಸಿ ಮೇಡಂ" ಅಂತ ಚೀಟಿ ಬಂದೇ ಬರುತ್ತೆ. ಆಗ ಸ್ಪೀಡಾಗಿ ಮಾತಾಡೋದಲ್ಲ, ರೋಗದ ಜೀವನ ಚಕ್ರ ಪೂರ್ತಿ ಬಿಟ್ಟು ಸೀದಾ ಚಾಕುಗೆ ಬನ್ನಿ.

ಟೆಕ್ನಿಕಲ್ ಕಡೆ: ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೆ ಸೊಸೈಟಿ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ದಿದ್ರೆ ಅಕ್ಷರದ ಬದ್ಲು ಏನೇನೋ ಚಿಹ್ನೆ ಕಾಣುತ್ತೆ, ಯೂನಿಕೋಡಲ್ಲೇ ಮಾಡಿ, ಜೊತೆಗೆ ಪಿಡಿಎಫ್ ಒಂದು ಪೆನ್‌ಡ್ರೈವಲ್ಲಿ ಇರ್ಲಿ. ಪವರ್‌ಪಾಯಿಂಟ್ ಸ್ಲೈಡ್‌ಶೋ ಓಡ್ತಿರುವಾಗ ಕೀಬೋರ್ಡಲ್ಲಿ ಬಿ ಒತ್ತಿದ್ರೆ ಸ್ಕ್ರೀನ್ ಕಪ್ಪಾಗುತ್ತೆ, ಚಾಕು ತೋರ್ಸುವಾಗ ಹಂಗೆ ಮಾಡಿ, ಕಣ್ಣೆಲ್ಲ ನಿಮ್ಮ ಕಡೆನೇ ಇರುತ್ತೆ. ಕರೆಂಟ್ ಹೋಗುತ್ತೆ ಅಂತನೇ ಲೆಕ್ಕ ಹಾಕ್ಕೊಂಡು ಹೋಗಿ. ಶೀಟಿನ ಹಾಲಾದ್ರೆ ಜೋರು ಮಳೆ ಹೊಯ್ಯುವಾಗ ಕಿರುಚಿ ಪ್ರಯೋಜನ ಇಲ್ಲ, ಒಂದೆರಡು ನಿಮಿಷ ಮಾತು ನಿಲ್ಸಿ ಮಗ್ಗು ತೋರಿಸ್ತಾ ಓಡಾಡಿ.

ಪ್ರಶ್ನೆ ಹೊತ್ತಲ್ಲಿ ಒಬ್ರು ಹಿರೀರು ಎದ್ದು "ನಮ್ಮಪ್ಪ ಚಾಕು ಪಾಕು ಏನೂ ಇಲ್ದೆ ಹೊಡೆಸ್ತಿದ್ರು ಕಣಮ್ಮ" ಅಂತಾರೆ. ವಾದಕ್ಕೆ ಇಳೀಬೇಡಿ. "ಸುಣ್ಣ ಎಲ್ಲಿಂದ ತರ್ತಿದ್ರು ಅಜ್ಜ, ಆಗತಾನೇ ಸುಟ್ಟಿದ್ದಾ?" ಅಂತ ಕೇಳಿ, ಉಳಿದಿದ್ದು ಅವ್ರೇ ಹೇಳ್ತಾರೆ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ನಿ, ನಂಬರ್ ಬರ್ಕೊಂಡು ನಿಮ್ಮ ಮೇಷ್ಟ್ರ ಹತ್ರ ಕೇಳಿ ಫೋನ್ ಮಾಡಿ, ಕೊಳೆ ಬಂದಿರೋ ತೋಟದೋರು ಅದನ್ನ ಮರೆಯಲ್ಲ. ಪ್ರಶ್ನೆ ನಡೀತಿರುವಾಗ ಸ್ಕ್ರೀನ್ ಮೇಲೆ ಗುಲಾಬಿ ಹೂವಿನ "ಧನ್ಯವಾದಗಳು" ಸ್ಲೈಡ್ ಬಿಡ್ಬೇಡಿ, ಅಳತೆ ಮತ್ತೆ ಚಾಕು ಪರೀಕ್ಷೆ ದಪ್ಪ ಅಕ್ಷರದಲ್ಲಿ ಇರೋ ಸ್ಲೈಡ್ ಬಿಡಿ, ಜನ ಊಟಕ್ಕೆ ಏಳೋಕೆ ಮುಂಚೆ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳೋದು ಅದನ್ನೇ.