ಐದು ಜನ, ಮೂರು ದಿನ, ಕಾರಲ್ಲಿ ಎಂಟಿಬಿ (ಗುಡ್ಡಗಾಡಿನ ಸೈಕಲ್) ಹಾಕ್ಕೊಂಡು ಬೆಂಗಳೂರಿಂದ ಚಿಕ್ಕಮಗಳೂರು ಕಡೆ: ಎಷ್ಟು ಜಾಗ ಮುಗಿಸಬಹುದು?

ಮೇಲಿನ ಪ್ರಶ್ನೆ ಕೇಳಿದವರ ಪ್ಲಾನ್ ಇದು: ಶುಕ್ರವಾರ ಮುಳ್ಳಯ್ಯನಗಿರಿ, ಶನಿವಾರ ಕೆಮ್ಮಣ್ಣುಗುಂಡಿ, ಭಾನುವಾರ ಸಕಲೇಶಪುರ ನೋಡ್ಕೊಂಡು ವಾಪಸ್, ಸೈಕಲ್ ಮೇಲೆ ದಿನಕ್ಕೆ 50 ಕಿ.ಮೀ. ಐವರಲ್ಲಿ ಇಬ್ಬರ ಹತ್ತಿರ ಸೈಕಲ್ ಇಲ್ಲ. ನಮ್ಮ ಗುಂಪಿನ ಹಳೇ ವಾಟ್ಸಾಪ್ ಪ್ಲಾನೇ ಎದುರಿಗೆ ಬಂದ ಹಾಗಾಯ್ತು. ಎಷ್ಟು ಜಾಗ ಮುಗಿಸಬಹುದು ಅನ್ನೋ ಲೆಕ್ಕ ಬಿಡಿ. ಒಂದೇ ಹೋಮ್‌ಸ್ಟೇ, ಎರಡು ರಾತ್ರಿ, ಅಲ್ಲಿಂದಲೇ ಸುತ್ತಾಟ. ದಿನಾ ರೂಮ್ ಬದಲಾಯಿಸಿದರೆ ಐದು ಸೈಕಲ್ ಬಿಚ್ಚಿ ಜೋಡಿಸೋದರಲ್ಲೇ ದಿನಕ್ಕೆ ಎರಡು ಗಂಟೆ ಹೋಗುತ್ತೆ.

ಪ್ರತಿ ಸಲ ಚಕ್ರ ಬಿಚ್ಚುವಾಗಲೂ ಬ್ರೇಕ್ ಕೆಡೋ ಅವಕಾಶ ಒಂದಿರುತ್ತೆ. ನಮಗೆ ಒಂದು ಶನಿವಾರದ ಬೆಳಗ್ಗೆ ಪೂರ್ತಿ ಹೋಗಿದ್ದು ಇದರಿಂದಲೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡೋ) ಡಿಸ್ಕ್ ಬ್ರೇಕ್ ಇರೋ ಸೈಕಲ್‌ನ ಚಕ್ರ ತೆಗೆದು ಫ್ರೇಮನ್ನ ಡಿಕ್ಕಿಯಲ್ಲಿ ಮಲಗಿಸ್ತೀರಿ. ಅದರ ಮೇಲೆ ಬ್ಯಾಗು, ಹೆಲ್ಮೆಟ್ಟು, ನೀರಿನ ಕ್ಯಾನು. ಹಾಸನ ತಲುಪೋ ಹೊತ್ತಿಗೆ ಯಾವುದೋ ಒಂದು ಬ್ಯಾಗ್ ಬ್ರೇಕ್ ಲಿವರ್ ಮೇಲೆ ಕೂತು, ಪ್ರತಿ ಹಂಪ್‌ಗೂ ಅದನ್ನ ಒತ್ತುತ್ತಾ ಬಂದಿರುತ್ತೆ.

ಡಿಸ್ಕನ್ನ ಎರಡೂ ಕಡೆಯಿಂದ ಹಿಡಿಯೋ ಭಾಗವೇ ಕ್ಯಾಲಿಪರ್. ಅದರೊಳಗೆ ಬ್ರೇಕ್ ಪ್ಯಾಡನ್ನ ತಳ್ಳೋ ಪಿಸ್ಟನ್ ಹಿಂದಕ್ಕೆ ಬರೋದು ಸ್ಪ್ರಿಂಗ್ ಬಲದಿಂದ ಮಾತ್ರ ಅಲ್ಲ. ಅದರ ಸುತ್ತ ಒಂದು ರಬ್ಬರ್ ಸೀಲ್ ಇರುತ್ತೆ. ಲಿವರ್ ಹಿಡಿದಾಗ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತೆ, ಬಿಟ್ಟಾಗ ನೇರ ಆಗಿ ಪಿಸ್ಟನ್ನನ್ನ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ನಡುವೆ ಡಿಸ್ಕ್ ಇಲ್ಲದಿದ್ದರೆ ಪಿಸ್ಟನ್ ಅದಕ್ಕಿಂತ ಮುಂದೆ ಹೋಗುತ್ತೆ, ಸೀಲ್ ಜಾರಿ ಹೊಸ ಜಾಗದಲ್ಲಿ ಕೂರುತ್ತೆ. ನಾಲ್ಕಾರು ಸಲ ಒತ್ತಿದರೆ ಎರಡು ಪ್ಯಾಡ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಮೇಲೆ ಚಕ್ರ ಹಾಕಲು ಹೋದರೆ ಡಿಸ್ಕ್ ಒಳಗೇ ಹೋಗಲ್ಲ.

ಆಗ ಯಾರಾದರೊಬ್ಬರು ಸ್ಕ್ರೂಡ್ರೈವರ್ ತರ್ತಾರೆ. ತಡೀರಿ! ಪ್ಯಾಡ್ ಕಿತ್ತು ಹೋಗುತ್ತೆ, ಸೆರಾಮಿಕ್ ಪಿಸ್ಟನ್ ಆದರೆ ಅಂಚು ಒಡೆಯುತ್ತೆ. ಅಲ್ಲಿಂದ ಎಣ್ಣೆ ಸೋರಿದರೆ ಆ ಸೈಕಲ್ ಅಲ್ಲಿಗೆ ಮುಗೀತು. ಎಣ್ಣೆ ಕುಡಿದ ಪ್ಯಾಡನ್ನ ಉಜ್ಜಿ ಉಳಿಸೋ ಪ್ರಯತ್ನ ಹೆಚ್ಚಿನ ಸಲ ದಂಡ. ಪ್ಯಾಡ್‌ಗಳನ್ನ ಅಲ್ಲೇ ಬಿಟ್ಟು, ನಡುವೆ ಪ್ಲಾಸ್ಟಿಕ್ ಟೈರ್ ಲಿವರ್ ತೂರಿಸಿ ನಿಧಾನಕ್ಕೆ ಅಗಲಿಸಿ. ಚಕ್ರ ಕೂತ ಮೇಲೆ ಬ್ರೇಕ್ ಲಿವರನ್ನ ಹತ್ತು ಸಲ ಒತ್ತಿ. ಡಿಸ್ಕ್ ಒಂದು ಕಡೆ ಉಜ್ಜುತ್ತಿದ್ದರೆ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಹಾಗೇ ಬಿಗಿ ಮಾಡಿ.

ಇಷ್ಟೆಲ್ಲಾ ತಪ್ಪಿಸೋಕೆ ಬೇಕಾಗಿರೋದು ಒಂದು ಪ್ಲಾಸ್ಟಿಕ್ ತುಂಡು. ಹೊಸ ಸೈಕಲ್ ಡಬ್ಬದಲ್ಲಿ ಎರಡು ಪ್ಯಾಡ್ ನಡುವೆ ಇಡೋ ಪ್ಯಾಡ್ ಸ್ಪೇಸರ್ ಬಂದಿರುತ್ತೆ, ಹೆಚ್ಚಿನವರು ಅದನ್ನ ಎಸೆದಿರ್ತಾರೆ. ಇಲ್ಲದಿದ್ದರೆ ದಪ್ಪ ರಟ್ಟನ್ನ ಮಡಚಿ ತೂರಿಸಿ. ಇನ್ನೂ ಎರಡು ವಿಷಯ. ಬ್ರೇಕ್ ಗಟ್ಟಿಯಾಗಲಿ ಅಂತ ಲಿವರ್‌ಗೆ ರಾತ್ರಿಯಿಡೀ ರಬ್ಬರ್ ಬ್ಯಾಂಡ್ ಹಾಕೋರಿದ್ದಾರೆ. ಚಕ್ರ ಬಿಚ್ಚಿದಾಗ ಅದೇ ಶತ್ರು. ಸೈಕಲ್ ತಲೆಕೆಳಗಾಗಿ ಬಂದಿದ್ದರೆ ಲಿವರ್ ಹತ್ತಿರದ ಗಾಳಿ ಪೈಪಿಗೆ ಇಳಿದಿರಬಹುದು. ನೆಟ್ಟಗೆ ನಿಲ್ಲಿಸಿ, ಲಿವರ್ ಒತ್ತಿ ಬಿಟ್ಟು ನೋಡಿ, ಮೆತ್ತಗಿದ್ದರೆ ಇಳಿಜಾರಿಗೆ ಹೋಗಬೇಡಿ.

ಚಕ್ರ ಬಿಚ್ಚದೆ ಒಯ್ಯೋದು ಇದಕ್ಕಿಂತ ಒಳ್ಳೇದು. ಐದು ಜನ, ಐದು ಸೈಕಲ್ ಒಂದು ಇನೋವಾದಲ್ಲಿ ಆಗಲ್ಲ, ಹಟ ಬೇಡ. ಎರಡು ಕಾರಿಗೆ ಡಿಕ್ಕಿ ಮೇಲಿನ ರ‍್ಯಾಕ್ ಹಾಕಿಸಿದರೆ ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚದಂತೆ ನೋಡಿ, ಇಲ್ಲಾಂದ್ರೆ ಪೊಲೀಸರು ಕೈ ಅಡ್ಡ ಹಿಡೀತಾರೆ. ಬೆಲ್ಟ್‌ಗಳನ್ನ ಕುಣಿಗಲ್ ಹತ್ತಿರ ಟೀಗೆ ನಿಂತಾಗ ಮತ್ತೆ ಎಳೆದು ಬಿಗಿ ಮಾಡಿ, ಮೊದಲ ಒಂದು ಗಂಟೆಯಲ್ಲೇ ಸಡಿಲ ಆಗೋದು. ಟಾಪ್ ಮೇಲೆ ನಿಲ್ಲಿಸಿದರೆ ಕಾರು, ಸೈಕಲ್ ಸೇರಿ ಎತ್ತರ ಎರಡೂವರೆ ಮೀಟರ್ ದಾಟುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಅಭ್ಯಾಸ ಬಲದಲ್ಲಿ ನುಗ್ಗಿದರೆ ಎರಡೂ ಹೋಯ್ತು. ನನ್ನ ಆಯ್ಕೆ ಕೇಳಿದರೆ ಬಾಡಿಗೆ ಟಾಟಾ ಏಸ್. ಐದು ಸೈಕಲ್‌ನ ತಲೆ-ಬಾಲ ಅದಲುಬದಲಾಗಿ ನಿಲ್ಲಿಸಿ, ನಡುವೆ ಹಳೇ ಕಂಬಳಿ ಹಾಕಿ ಕಟ್ಟಿ. ಗೇರ್ ಕಡೆಗೆ ಇನ್ನೊಂದರ ಪೆಡಲ್ ತಾಗಬಾರದು.

ಯಾಕಂದ್ರೆ ಅಲ್ಲಿ ಡಿರೇಲರ್ ಹ್ಯಾಂಗರ್ ಇದೆ, ಅಂದರೆ ಗೇರ್ ಬದಲಿಸೋ ಭಾಗವನ್ನ ಫ್ರೇಮಿಗೆ ಹಿಡಿದಿಡೋ ಕೊಂಡಿ. ಬೇಕಂತಲೇ ಮೆತ್ತಗೆ ಮಾಡಿರೋ ತುಂಡು, ಫ್ರೇಮ್ ಉಳಿಸಲು ತಾನು ಬಗ್ಗುತ್ತೆ. ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರೋದು ಅಪರೂಪ. ಐದು ಜನರೂ ತಮ್ಮ ತಮ್ಮದನ್ನ ಈಗಲೇ ತರಿಸಿಟ್ಟುಕೊಳ್ಳಿ, ಬ್ರೇಕ್ ಪ್ಯಾಡನ್ನೂ ಅಷ್ಟೇ. ಚಿಕ್ಕಮಗಳೂರಲ್ಲಿ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಚೈನ್ ಲಿಂಕ್ 9, 10, 11, 12 ಸ್ಪೀಡಿಗೆ (ಹಿಂದಿನ ಗೇರ್ ಎಷ್ಟು ಅನ್ನೋ ಲೆಕ್ಕ) ಬೇರೆ ಬೇರೆ. ಟ್ಯೂಬೂ 29, 27.5 ಅಂತ ಸೈಜ್ ನೋಡಿ. ಟ್ಯೂಬ್‌ಲೆಸ್ ಆದರೆ ಒಳಗಿನ ಸೀಲೆಂಟ್ (ತೂತು ಮುಚ್ಚೋ ದ್ರವ) ಒಣಗಿದೆಯಾ ಅಂತ ಹೊರಡೋ ವಾರದ ಮೊದಲೇ ಚಕ್ರ ಅಲುಗಾಡಿಸಿ ಕೇಳಿ. 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಬೇಕು. 75 ಕೆ.ಜಿ. ಆಸುಪಾಸಿನವರು ಗಾಳಿ ಮುಂದೆ 22, ಹಿಂದೆ 25 ಪಿಎಸ್‌ಐಯಿಂದ ಶುರು ಮಾಡಬಹುದು. ಟ್ಯೂಬ್ ಇದ್ದರೆ 30ರ ಹತ್ತಿರ ಇರಲಿ, ಇಲ್ಲಾಂದ್ರೆ ಕಲ್ಲಿಗೆ ಹೊಡೆದು ಎರಡು ತೂತು ಒಟ್ಟಿಗೆ ಬೀಳುತ್ತೆ. ಸೈಕಲ್ ಇಲ್ಲದ ಆ ಇಬ್ಬರು ಬಾಡಿಗೆಗೆ ತಗೊಂಡರೆ, ಹಿಂದಿನ ಭಾನುವಾರವೇ ತಂದು ಒಮ್ಮೆ ಓಡಿಸಿ ನೋಡಲಿ.

ಈಗ ರೂಟ್. ಕಿ.ಮೀ. ಲೆಕ್ಕ ಹಾಕಬೇಡಿ, ಏರು ಲೆಕ್ಕ ಹಾಕಿ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,930. ಸಾಧಾರಣ ದೇಹಬಲದವರಿಗೆ 100 ಮೀಟರ್ ಏರಿಗೆ ಕಾಲು ಗಂಟೆ ಹಿಡಿಯಿರಿ. ಮಣ್ಣಿನ ಜೀಪ್ ದಾರಿಯಲ್ಲಿ ಗುಂಪಿನ ವೇಗ ಗಂಟೆಗೆ 8–10 ಕಿ.ಮೀ. ದಾಟಲ್ಲ. ದಿನಕ್ಕೆ 25 ಕಿ.ಮೀ., 600 ಮೀಟರ್ ಏರು ಅಂದರೆ ಭರ್ತಿ ಒಂದು ದಿನ. ಗಿರಿ ರಸ್ತೆಯನ್ನ ಶನಿವಾರ, ಭಾನುವಾರ ಮುಟ್ಟಲೇಬೇಡಿ. ಕಿರಿದಾದ ಡಾಂಬರು, ಎದುರಿಂದ ಸಾಲು ಸಾಲು ಟ್ಯಾಕ್ಸಿ. ಮೇಲಕ್ಕೆ ಹೋಗೋ ಪ್ರವಾಸಿ ವಾಹನಗಳಿಗೆ ಜಿಲ್ಲಾಡಳಿತದ ಆನ್‌ಲೈನ್ ಬುಕಿಂಗ್ ಬೇರೆ ಇದೆ, ಕಾರು ಒಯ್ಯೋದಾದರೆ ಮೊದಲೇ ನೋಡಿ.

ನಿಜವಾದ ಮಜಾ ಕಾಫಿ ತೋಟದ ದಾರಿಗಳಲ್ಲಿ. ಆದರೆ ಅವು ಯಾರದೋ ಮನೆ ಅಂಗಳ ಇದ್ದಂತೆ. ಮ್ಯಾಪಲ್ಲಿ ಗೆರೆ ಕಂಡ ಮಾತ್ರಕ್ಕೆ ನುಗ್ಗಬಾರದು. ಹೋಮ್‌ಸ್ಟೇ ಯಜಮಾನರನ್ನ ಕೇಳಿ, ಅವರೇ ಪಕ್ಕದ ಎಸ್ಟೇಟಿನ ಲೆಕ್ಕ, ಆಳು ನೋಡ್ಕೊಳ್ಳೋ ರೈಟರ್‌ಗೆ ಒಂದು ಮಾತು ಹೇಳ್ತಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಚೆನ್ನ, ಆದರೆ ಅದೇ ಕಾಫಿ ಕುಯ್ಲಿನ ಕಾಲ: ತಿರುವಿನಾಚೆ ಆಳುಗಳು, ಟ್ರ್ಯಾಕ್ಟರ್ ಇರ್ತಾರೆ, ಒಣ ಹಾಕಿದ ಕಣದ ಮೇಲೆ ಚಕ್ರ ಹೋಗಬಾರದು. ಸೋಲಾರ್ ಬೇಲಿ ಮುಟ್ಟಬೇಡಿ. ಮಳೆಗಾಲದಲ್ಲಿ ಇಂಬಳ, ಜಾರೋ ಪಾಚಿ. ರೆಸಿನ್ ಪ್ಯಾಡ್ (ಮೆತ್ತನೆ ಬಗೆಯ ಬ್ರೇಕ್ ಪ್ಯಾಡ್) ಕೆಸರಲ್ಲಿ ಬೇಗ ಸವೆಯುತ್ತೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಸೈಕಲ್ ಯೋಚನೆಯೇ ಬೇಡ. ಆನೆ ಎಲ್ಲಿದೆ ಅಂತ ಬೆಳಗ್ಗೆ ಊರಿನವರನ್ನ ಕೇಳಿಯೇ ಹೊರಡಿ, ಸಂಜೆ ಐದಕ್ಕೆ ವಾಪಸ್ ಇರಿ.

ಶುಕ್ರವಾರ ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಡಿ. ಮಧ್ಯಾಹ್ನ 10 ಕಿ.ಮೀ. ಬರೀ ಸೈಕಲ್ ಪರೀಕ್ಷೆ, ದೊಡ್ಡ ಸುತ್ತು ಶನಿವಾರ. ಭಾನುವಾರ ಬೆಳಗ್ಗೆ ಎರಡು ಗಂಟೆ ಓಡಿಸಿ, ಊಟಕ್ಕೆ ಮುಂಚೆ ಗಾಡಿ ಕಟ್ಟಿ ಹೊರಡಿ. ಸಂಜೆ ಆರಕ್ಕೆ ನೆಲಮಂಗಲ ಮುಟ್ಟಿದರೆ ಟ್ರಾಫಿಕ್ಕಲ್ಲಿ ಸಿಕ್ಕಿ ಮನೆ ಸೇರೋದು ಒಂಬತ್ತಕ್ಕೆ.