ಪಿತ್ತಕೋಶದಲ್ಲಿ ಕಲ್ಲಿದ್ದಾಗ ಅರಿಶಿನದ ಕ್ಯಾಪ್ಸೂಲ್, ಡಿಟಾಕ್ಸ್ ಪುಡಿ ತೆಗೆದುಕೊಳ್ಳಬಹುದಾ?

ನಿಮ್ಮ ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಿದೆ, ಎರಡು ಸಲ ಜೋರಾಗಿ ನೋವು ಬಂದಿದೆ, ಡಾಕ್ಟರ್ ಆಪರೇಷನ್ ಮಾಡಿಸಿ ಅಂದಿದ್ದಾರೆ. ಅಷ್ಟರಲ್ಲಿ ನೆಂಟರೊಬ್ಬರು ಅರಿಶಿನದ ಕ್ಯಾಪ್ಸೂಲು ಮತ್ತು 'ಲಿವರ್ ಡಿಟಾಕ್ಸ್' ಪುಡಿ ತಂದುಕೊಟ್ಟಿದ್ದಾರೆ. ಗಿಡಮೂಲಿಕೆ ತಾನೇ, ತೊಂದರೆ ಏನು ಅಂತ ಕೇಳಿದ್ದೀರಿ. ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ದಯವಿಟ್ಟು ಸದ್ಯಕ್ಕೆ ಎರಡನ್ನೂ ನಿಲ್ಲಿಸಿ.

ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಪಿತ್ತಕೋಶ ಅದನ್ನು ಕೂಡಿಟ್ಟುಕೊಳ್ಳುತ್ತದೆ. ನಾವು ಎಣ್ಣೆ, ಜಿಡ್ಡು ತಿಂದಾಗ ತನ್ನನ್ನು ತಾನೇ ಹಿಂಡಿಕೊಂಡು, ಸಣ್ಣ ನಾಳದ ಮೂಲಕ ಅದನ್ನು ಕರುಳಿಗೆ ಕಳಿಸುತ್ತದೆ. ಹಾಗೆ ಹಿಂಡುವಾಗ ಕಲ್ಲು ಬಂದು ನಾಳದ ಬಾಯಿಗೆ ಸಿಕ್ಕಿಕೊಂಡರೆ ನೋವು ಶುರು. ಅಮ್ಮನಿಗೆ ಬಂದಿದ್ದೂ ಬಹುಶಃ ಇದೇ. ಈಗ ಆ ಬಾಟಲಿಯ ಮೇಲೆ ಏನು ಬರೆದಿದೆ ನೋಡಿ. 'ಪಿತ್ತರಸದ ಹರಿವು ಹೆಚ್ಚಿಸುತ್ತದೆ' ಅನ್ನೋ ಥರದ ಸಾಲು ಇರಬಹುದು. ಕಲ್ಲಿದ್ದವರಿಗೆ ಬೇಡವಾಗಿರುವುದೇ ಅದು.

ಅರಿಶಿನದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ನಂಬುವುದು ಅದನ್ನೇ. ಆರೋಗ್ಯವಾಗಿದ್ದವರಿಗೆ 40 ಮಿಲಿಗ್ರಾಂ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಮುಖ್ಯ ಅಂಶ) ಕೊಟ್ಟು ಸ್ಕ್ಯಾನ್ ಮಾಡಿ ನೋಡಿದಾಗ ಪಿತ್ತಕೋಶ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿತ್ತು. 80 ಮಿಲಿಗ್ರಾಂ ಕೊಟ್ಟಾಗ ಇನ್ನೂ ಜಾಸ್ತಿ ಕುಗ್ಗಿತು. ನೀವು ಕೊಳ್ಳುವ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಸಾರ ಇರುತ್ತದೆ, ಅದರಲ್ಲಿ 95% ಕರ್ಕ್ಯುಮಿನ್ ಗುಂಪಿನದ್ದೇ. ಅಡುಗೆಗೆ ಹಾಕುವ ಚಿಟಿಕೆ ಅರಿಶಿನದ ಲೆಕ್ಕವೇ ಬೇರೆ. ಆ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು 3%ರ ಆಸುಪಾಸು, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಅಡುಗೆಯ ಅರಿಶಿನವನ್ನು ಸುಮ್ನೆ ಬಿಡಿಸಬೇಡಿ. ಕ್ಯಾಪ್ಸೂಲ್ ಮಾತ್ರ ಬೇಡ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಪಿತ್ತಕೋಶದಲ್ಲಿ ಕಲ್ಲಿದ್ದರೆ ಅಥವಾ ಪಿತ್ತನಾಳ ಕಟ್ಟಿಕೊಂಡಿದ್ದರೆ ಅರಿಶಿನ, ಡ್ಯಾಂಡೆಲಿಯನ್ ಗಿಡ, ಆರ್ಟಿಚೋಕ್ ಗಿಡದ ಎಲೆ ಇವುಗಳ ಔಷಧಗಳನ್ನು ಬಳಸಬಾರದು ಅಂತ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯೇ ಹೇಳುತ್ತದೆ. ಡಿಟಾಕ್ಸ್ ಪುಡಿಗಳಲ್ಲಿ ತುಂಬಾ ಸಲ ಕಾಣುವ ಹೆಸರುಗಳೇ ಇವು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಹುಡುಕಿ. ಕೆಲವು ಡಬ್ಬಿಗಳಲ್ಲಿ ಏಳೆಂಟು ಗಿಡಗಳ ಹೆಸರು ಹಾಕಿ, ಎಲ್ಲ ಸೇರಿ ಇಷ್ಟು ಗ್ರಾಂ ಅಂತ ಮಾತ್ರ ಬರೆದಿರುತ್ತಾರೆ. ಯಾವುದು ಎಷ್ಟಿದೆ ಅಂತ ಗೊತ್ತಾಗದ ಪುಡಿಯನ್ನು ನೋವಿರುವ ಮನುಷ್ಯರಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮಿಲ್ಕ್ ಥಿಸಲ್ ಅನ್ನೋ ಇನ್ನೊಂದು ಗಿಡಮೂಲಿಕೆ ಇವುಗಳಿಗಿಂತ ಸೌಮ್ಯ. ಆದರೆ ಅದು ಕಲ್ಲು ಕರಗಿಸುತ್ತದೆ ಅನ್ನಲು ಆಧಾರ ಇಲ್ಲ.

ನನಗೆ ಇದಕ್ಕಿಂತ ಹೆಚ್ಚು ಭಯ ಇನ್ನೊಂದರದ್ದು. ಕೆಲವು ಗಿಡಮೂಲಿಕೆ ಕ್ಯಾಪ್ಸೂಲ್‌ಗಳಿಂದ ಕೆಲವರ ಲಿವರ್‌ಗೇ ಪೆಟ್ಟು ಬೀಳುತ್ತದೆ. ಅಶ್ವಗಂಧ, ಗ್ರೀನ್ ಟೀ ಸಾರ, ಹಾಗೇ ಕಾಳುಮೆಣಸಿನ ಪೈಪರಿನ್ ಸೇರಿಸಿದ ಕರ್ಕ್ಯುಮಿನ್, ಈ ಮೂರರಿಂದಲೂ ಆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಆದಾಗ ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಾಣಿಸುವುದು ಇದೇ ಅಲ್ವಾ? ಡಾಕ್ಟರಿಗೆ ಕ್ಯಾಪ್ಸೂಲ್ ವಿಷಯ ಗೊತ್ತಿಲ್ಲದಿದ್ದರೆ ಕಲ್ಲು ಎಲ್ಲಿದೆ ಅಂತ ಹುಡುಕುತ್ತಾ ದಿನ ಹೋಗುತ್ತದೆ. 'ಏನಾದ್ರೂ ಮಾತ್ರೆ ತಗೋತೀರಾ?' ಅಂತ ನಾನು ಕೇಳಿದಾಗ ಎಷ್ಟೋ ಜನ ಬಿಪಿ, ಶುಗರ್ ಮಾತ್ರೆ ಹೇಳಿ ಸುಮ್ಮನಾಗುತ್ತಾರೆ. ಗಿಡಮೂಲಿಕೆ ಅವರ ಪಾಲಿಗೆ ಮಾತ್ರೆಯೇ ಅಲ್ಲ. ಅದಕ್ಕೇ ಈಗ ಬಾಟಲಿಯನ್ನೇ ತನ್ನಿ ಅನ್ನುತ್ತೇನೆ. ನೀವೂ ಡಾಕ್ಟರ್ ಹತ್ತಿರ ಹೋಗುವಾಗ ಎರಡೂ ಡಬ್ಬಿ ತೆಗೆದುಕೊಂಡು ಹೋಗಿ.

ಆಲಿವ್ ಎಣ್ಣೆ, ನಿಂಬೆರಸ ಕುಡಿದು ಕಲ್ಲು ಹೊರಹಾಕುವ 'ಲಿವರ್ ಫ್ಲಶ್' ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾರನೇ ದಿನ ಮಲದಲ್ಲಿ ಹಸಿರು ಗುಳಿಗೆಗಳು ಕಾಣುವುದು ನಿಜ. ಅಂಥ ಗುಳಿಗೆಗಳನ್ನು ಲ್ಯಾಬ್‌ನಲ್ಲಿ ಪರೀಕ್ಷಿಸಿದ ವರದಿಯೊಂದು 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವು ಕಲ್ಲುಗಳೇ ಅಲ್ಲ, ಕುಡಿದ ಎಣ್ಣೆ ಹೊಟ್ಟೆಯೊಳಗೆ ಸಾಬೂನಿನಂತೆ ಗಟ್ಟಿಯಾಗಿದ್ದು. ಅಷ್ಟು ಎಣ್ಣೆ ಒಮ್ಮೆಲೇ ಕುಡಿದರೆ ಪಿತ್ತಕೋಶ ಜೋರಾಗಿ ಹಿಂಡಿಕೊಳ್ಳುತ್ತದೆ, ಮತ್ತೆ ಅದೇ ನೋವು. ಕಿಡ್ನಿ ಕಲ್ಲಿನ ಕಷಾಯವನ್ನೂ ಇದಕ್ಕೆ ಕೊಡಬೇಡಿ. ಅದು ಬೇರೆ ಜಾಗ, ಬೇರೆ ಕಲ್ಲು.

ಕರಗಿಸುವ ಔಷಧವೇ ಇಲ್ವಾ ಅಂದರೆ, ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅಂತ ಒಂದಿದೆ. ಅದು ಕೆಲಸ ಮಾಡುವುದು ಸಣ್ಣ ಕೊಲೆಸ್ಟರಾಲ್ ಕಲ್ಲುಗಳ ಮೇಲೆ ಮಾತ್ರ, ಅದೂ ತಿಂಗಳುಗಟ್ಟಲೆ ತೆಗೆದುಕೊಂಡರೆ. ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಜನಕ್ಕೆ ಐದು ವರ್ಷದೊಳಗೆ ಕಲ್ಲು ಮತ್ತೆ ಬರುತ್ತದೆ. ಅಮ್ಮನಿಗೆ ಹೊಂದುತ್ತದಾ ಅಂತ ಡಾಕ್ಟರನ್ನೇ ಕೇಳಿ.

ಆಪರೇಷನ್‌ಗೆ ದಿನ ಗೊತ್ತಾದರೆ ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೊ, ಜಿನ್ಸೆಂಗ್ ಇಂಥವನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು, ರಕ್ತಸ್ರಾವ ಜಾಸ್ತಿಯಾಗಬಹುದು. ತುರ್ತಾಗಿ ಮಾಡಬೇಕಾಗಿ ಬಂದರೆ ಎರಡು ವಾರ ಕಾಯುತ್ತಾ ಕೂರಬೇಡಿ. ಏನೇನು ತೆಗೆದುಕೊಂಡಿದ್ದಾರೆ ಅಂತ ಅರಿವಳಿಕೆ ಡಾಕ್ಟರಿಗೆ ಹೇಳಿದರೆ ಸಾಕು.

ಅಲ್ಲಿಯವರೆಗೆ ಒಂದು ಎಚ್ಚರ ಇರಲಿ. ಬಲ ಪಕ್ಕೆಲುಬಿನ ಕೆಳಗಿನ ನೋವು ಕೆಲವು ಗಂಟೆಯಾದರೂ ಇಳಿಯದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಅಥವಾ ಮಲ ಬಿಳಿಚಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.